ಹೆಣ್ಣುಕುದುರೆಯ ಗರ್ಭಕೋಶದ ದುರಸ್ತಿಯೂ ಅದನ್ನು ನಡೆಯಿಸುವ ಕಿಣ್ವಗಳೂ

(ಕುದುರೆ ಸಾಕುವ ಹಿಡುವಳಿದಾರರ ಮತ್ತು ಗ್ರಾಮದ ಮುಖ್ಯಸ್ಥರ ತಿಳಿವಳಿಕೆಗಾಗಿ)

೧. ಪೀಠಿಕೆ

ಹೆಣ್ಣುಕುದುರೆಯನ್ನು ಸಾಕುವ ಹಿಡುವಳಿದಾರನಿಗೆ ಅದರಿಂದ ಬರತಕ್ಕ ಮುಖ್ಯ ಲಾಭವು ಮರಿಯೇ ಆಗಿರುತ್ತದೆ. ಹೆಣ್ಣುಕುದುರೆಯು ಸುಮಾರು ೩೪೦ ದಿವಸ, ಅಂದರೆ ೧೧ ತಿಂಗಳ ಕಾಲ ಗರ್ಭವನ್ನು ಹೊತ್ತು, ಸಾಮಾನ್ಯವಾಗಿ ಒಂದೇ ಮರಿಯನ್ನು ಈಯುವುದು. ಆದಕಾರಣ ಒಂದು ಸಲ ಗರ್ಭ ನಿಲ್ಲದೆ ಹೋದರೆ ಒಂದು ವರ್ಷದ ಹುಲ್ಲು, ಹುರುಳಿ, ಆಳಿನ ಕೂಲಿ ಇವೆಲ್ಲವೂ ನಷ್ಟವೇ ಸರಿ. ಎರಡು ಮೂರು ವರ್ಷ ಹೀಗೆಯೇ ನಡೆದರೆ “ಕುದುರೆ ಗೊಡ್ಡಾಯಿತು” ಎಂದು ಹೇಳಿ ಅದನ್ನು ಅಗ್ಗದ ಬೆಲೆಗೆ ಮಾರಿಬಿಡುವುದುಂಟು.

ಗೊಡ್ಡುತನವು ದೈವಯೋಗದಿಂದ ಬಂದಿತೆಂದು ಕೆಲವರೂ, ಬೀಜದ ಕುದುರೆಯ ದೋಷವೆಂದು ಕೆಲವರೂ ಹೇಳುವರು. ಬೀಜದ ಕುದುರೆಯಲ್ಲಿ ದೋಷವಿರುವುದೂ ಉಂಟು. ಆದರೆ ಅನೇಕ ಕುದುರೆಗಳಲ್ಲಿ ನಿಜವಾದ ಕಾರಣವು ಗರ್ಭಕೋಶದ ಒಳಪದರವು ಗಾಯದ ಕಲೆಯಂತೆ ಗಡುಸಾಗಿ ಹೋಗಿರುವುದೇ ಆಗಿದೆ. ಈ ಗಡುಸು ಒಂದು ದಿನದಲ್ಲಿ ಉಂಟಾಗತಕ್ಕದ್ದಲ್ಲ. ವಯಸ್ಸಿನೊಡನೆ ಅದು ಮೆಲ್ಲಮೆಲ್ಲನೆ ಬೆಳೆಯುವುದು. ಈದ ಸಮಯದಲ್ಲಿಯೂ ಗಂಡಿಗೆ ಬಿಟ್ಟ ಸಮಯದಲ್ಲಿಯೂ ಅಲಕ್ಷ್ಯವಾದರೆ ಬೇಗನೆ ಬೆಳೆಯುವುದು. ಒಮ್ಮೆ ಬೆಳೆದ ಮೇಲೆ ಅದನ್ನು ತೆಗೆಯುವ ಔಷಧವಿಲ್ಲ. ಅದು ಬೆಳೆಯದಂತೆ ತಡೆಯುವ ಕೆಲಸದ ಬಹುಭಾಗವು ಕುದುರೆಯ ಯಜಮಾನನ ಕೈಯಲ್ಲಿಯೇ ಇರುತ್ತದೆ. ಗರ್ಭಕೋಶವು ತನ್ನನ್ನು ತಾನೇ ಹೇಗೆ ಕೆಡವಿ ಕಟ್ಟಿಕೊಳ್ಳುತ್ತದೆ ಎಂಬುದನ್ನು ತಿಳಿದುಕೊಂಡರೆ ಯಾವ ಎಚ್ಚರಿಕೆಯನ್ನು ಏತಕ್ಕೆ ವಹಿಸಬೇಕೆಂಬುದು ತಾನಾಗಿಯೇ ವಿಶದವಾಗುವುದು.

೨. ಕಿಣ್ವವೆಂದರೇನು

ರಾಗಿಯನ್ನು ನೆನೆಯಿಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ಒಡೆಯುವುದನ್ನೂ, ಆ ಕಾಳು ಸಿಹಿಯಾಗುವುದನ್ನೂ ಎಲ್ಲರೂ ಬಲ್ಲರು. ಕಾಳಿನೊಳಗಿರುವ ಒಂದು ವಸ್ತುವು ಅದರ ಹಿಟ್ಟನ್ನು ಸಕ್ಕರೆಯಾಗಿ ಒಡೆಯುವುದೇ ಇದಕ್ಕೆ ಕಾರಣ. ಗಟ್ಟಿಯಾದ ಮಾಂಸಕ್ಕೆ ಪರಂಗಿಕಾಯಿಯ ಹಾಲನ್ನು ಸವರಿದರೆ ಅದು ಬೇಗನೆ ಮೆತ್ತಗಾಗುವುದೂ ಇಂತಹ ವಸ್ತುವಿನಿಂದಲೇ. ಜೀವಿಗಳ ಶರೀರದಲ್ಲಿ ಹುಟ್ಟಿ, ಅತ್ಯಲ್ಪ ಪ್ರಮಾಣದಲ್ಲಿದ್ದರೂ ಬಹಳ ಕೆಲಸವನ್ನು ಮಾಡಿ, ತಾನು ಖರ್ಚಾಗದೆ ಉಳಿಯತಕ್ಕ ಈ ವಸ್ತುಗಳಿಗೆ ಕಿಣ್ವಗಳೆಂದು ಹೆಸರು.

ಕಿಣ್ವಗಳು ಬಹು ವಿಧವಾಗಿವೆ. ನಾವು ಇಲ್ಲಿ ವಿಚಾರಿಸತಕ್ಕವು ಶರೀರದ ಹಂದರವನ್ನು ಕರಗಿಸುವ ಕಿಣ್ವಗಳು. ಚಪ್ಪರಕ್ಕೆ ಗಳುಗಳಿರುವಂತೆ ಗರ್ಭಕೋಶದ ಗೋಡೆಗೆ ಕೊಲ್ಲಾಜೆನ್ ಎಂಬ ನಾರಿನ ಹಂದರವಿರುತ್ತದೆ. ಚರ್ಮವನ್ನೂ ಮೂಳೆಯನ್ನೂ ಕುದಿಸಿ ತೆಗೆಯುವ ಅಂಟು ಈ ನಾರಿನಿಂದಲೇ ಬರುವುದು. ಈ ನಾರು ಬಹಳ ಬಲವಾದದ್ದು; ಸಾಮಾನ್ಯವಾದ ಕಿಣ್ವಗಳಿಗೆ ಸುಲಭವಾಗಿ ಬಗ್ಗತಕ್ಕದ್ದಲ್ಲ. ಅದನ್ನು ಕತ್ತರಿಸುವ ಕಿಣ್ವವನ್ನು ೧೯೬೨ರಲ್ಲಿ ಅಮೆರಿಕ ದೇಶದಲ್ಲಿ ಜೆರೋಂ ಗ್ರಾಸ್ ಮತ್ತು ಶಾರ್ಲ್ ಲಾಪಿಯೇರ್ ಎಂಬವರು ಕಪ್ಪೆಯ ಗೊದಮೊಟ್ಟೆಯಲ್ಲಿ ಕಂಡುಹಿಡಿದರು. ಗೊದಮೊಟ್ಟೆಯು ಕಪ್ಪೆಯಾಗುವಾಗ ಅದರ ಬಾಲವು ಕರಗಿ ಹೋಗುವುದಷ್ಟೆ. ಆ ಬಾಲವನ್ನು ಕರಗಿಸುವ ಶಕ್ತಿಯು ಎಲ್ಲಿಯದೆಂದು ಹುಡುಕಿದಾಗ ಈ ಕಿಣ್ವವು ದೊರಕಿತು.

ಈ ಕುಲಕ್ಕೆ ಸೇರಿದ ೨೦ಕ್ಕೂ ಹೆಚ್ಚು ಕಿಣ್ವಗಳು ಪ್ರಾಣಿಗಳ ಶರೀರದಲ್ಲಿ ಇರುವುದಾಗಿ ಆಮೇಲೆ ತಿಳಿದುಬಂದಿರುತ್ತದೆ. ಇವು ಕೆಲಸ ಮಾಡುವುದಕ್ಕೆ ಸತುವಿನ ಅಂಶವು ಅವಶ್ಯಕ. ಶಾಸ್ತ್ರಜ್ಞರು ಇವನ್ನು ಮ್ಯಾಟ್ರಿಕ್ಸ್ ಮೆಟಲ್ಲೊಪ್ರೋಟೀನೇಸುಗಳೆಂದು ಕರೆದು ಒಂದೊಂದಕ್ಕೆ ಒಂದೊಂದು ಸಂಖ್ಯೆಯನ್ನು ಕೊಟ್ಟಿರುವರು. ನಾವು ಸುಲಭವಾಗಿ ಹಂದರದ ಕಿಣ್ವಗಳೆನ್ನೋಣ. ಹೆಣ್ಣುಕುದುರೆಯ ಗರ್ಭಕೋಶದಲ್ಲಿ ಹೆಚ್ಚಾಗಿ ಪರೀಕ್ಷಿಸಲ್ಪಟ್ಟಿರುವವು ೨ನೆಯ ಮತ್ತು ೯ನೆಯ ಸಂಖ್ಯೆಯ ಕಿಣ್ವಗಳು.

ಇಂತಹ ಹರಿತವಾದ ವಸ್ತುವು ಅಡ್ಡಿಯಿಲ್ಲದೆ ಹರಿದಾಡಿದರೆ ಶರೀರವೇ ಕರಗಿ ಹೋದೀತು. ಆದುದರಿಂದ ಪ್ರಕೃತಿಯು ಎರಡು ಕಟ್ಟುಗಳನ್ನು ಹಾಕಿದೆ. ಮೊದಲನೆಯದಾಗಿ, ಈ ಕಿಣ್ವಗಳು ಒರೆಯಲ್ಲಿರುವ ಕತ್ತಿಯಂತೆ ನಿಷ್ಕ್ರಿಯವಾಗಿ ಹುಟ್ಟಿ, ಅಗತ್ಯ ಬಿದ್ದಾಗ ಮಾತ್ರ ಹೊರಬೀಳುವುವು. ಎರಡನೆಯದಾಗಿ, ಇವುಗಳನ್ನು ಹಿಡಿದು ನಿಲ್ಲಿಸುವ ತಡೆವಸ್ತುಗಳು ಜತೆಯಲ್ಲಿಯೇ ಇರುವುವು. ಕೆಡವುವ ಕಿಣ್ವ, ಅದನ್ನು ತಡೆಯುವ ವಸ್ತು, ಹೊಸ ನಾರನ್ನು ಹೆಣೆಯುವ ಕಣ, ಈ ಮೂರೂ ಸಮತೂಕದಲ್ಲಿರುವವರೆಗೆ ಗರ್ಭಕೋಶವು ಸುಸ್ಥಿತಿಯಲ್ಲಿರುತ್ತದೆ.

೩. ಬೆದೆಯ ಕಾಲದಲ್ಲಿ ನಡೆಯುವ ಕೆಲಸ

ಹೆಣ್ಣುಕುದುರೆಯು ಬೆದೆಯ ಋತುವಿನಲ್ಲಿ ಸುಮಾರು ೨೧ ದಿವಸಗಳಿಗೊಮ್ಮೆ ಬೆದೆಗೆ ಬಂದು, ಸಾಮಾನ್ಯವಾಗಿ ೫ರಿಂದ ೭ ದಿವಸ ಬೆದೆಯಲ್ಲಿರುವುದು. ಬೆದೆ ಮುಗಿಯುವುದಕ್ಕೆ ಒಂದೆರಡು ದಿನ ಮುಂಚೆ ಅಂಡಾಶಯದಲ್ಲಿರುವ ಗುಳ್ಳೆಯು ಒಡೆದು ಅಂಡವು ಹೊರಬೀಳುವುದು. ಬೇರೆ ಸಾಕುಪ್ರಾಣಿಗಳಲ್ಲಿ ಈ ಗುಳ್ಳೆಯು ಅಂಡಾಶಯದ ಮೇಲ್ಮೈಯಲ್ಲಿ ಎಲ್ಲಿ ಬೇಕಾದರೂ ಒಡೆಯಬಹುದು. ಕುದುರೆಯಲ್ಲಿ ಮಾತ್ರ ಅಂಡಾಶಯವು ಗಟ್ಟಿಯಾದ ಹೊದಿಕೆಯಿಂದ ಮುಚ್ಚಲ್ಪಟ್ಟಿದ್ದು, ಅದರ ಒಂದು ಪಕ್ಕದಲ್ಲಿರುವ ತಗ್ಗಿನಲ್ಲಿಯೇ ಅಂಡವು ಹೊರಗೆ ಬರತಕ್ಕದ್ದು. ೪ ಸೆಂಟಿಮೀಟರಿನಷ್ಟು ಅಗಲವಾಗಿ ಬೆಳೆದ ಗುಳ್ಳೆಯು ಆ ಸಣ್ಣ ಸ್ಥಳದ ಕಡೆಗೆ ಸರಿದು ಅಲ್ಲಿಯೇ ಒಡೆಯಬೇಕಾದರೆ ಗೋಡೆಯ ನಾರು ಅಲ್ಲಿ ಸಡಿಲವಾಗಬೇಕು. ಈ ಕೆಲಸದಲ್ಲಿ ಹಂದರದ ಕಿಣ್ವಗಳು ಪಾಲುಗೊಳ್ಳುವುವು.

ಗರ್ಭಕೋಶದ ಒಳಪದರವೂ ಪ್ರತಿಯೊಂದು ಬೆದೆಯಲ್ಲಿ ನೀರು ತುಂಬಿ ಊದಿಕೊಂಡು, ಬೆದೆ ಕಳೆದ ಮೇಲೆ ಬಿಗಿಯಾಗುವುದು. ಇದರಿಂದ ತಿಳಿಯತಕ್ಕದ್ದೇನೆಂದರೆ, ಗರ್ಭಕೋಶವು ಒಮ್ಮೆ ಕಟ್ಟಿ ಬಿಟ್ಟ ಕಲ್ಲುಗೋಡೆಯಲ್ಲ. ಅದು ಋತುವಿಗೊಮ್ಮೆ ಬಿಚ್ಚಿ ಕಟ್ಟುವ ಚಪ್ಪರದಂತೆ ಸದಾ ಮಾರ್ಪಡುತ್ತಲೇ ಇರುವುದು.

೪. ಗರ್ಭ ನಿಂತ ಮೇಲೆ

ಗರ್ಭ ನಿಂತ ೩೬ನೆಯ ದಿನದ ಸುಮಾರಿಗೆ ಭ್ರೂಣದ ಹೊದಿಕೆಯ ಕೆಲವು ಕಣಗಳು ಗರ್ಭಕೋಶದ ಒಳಪದರವನ್ನು ಹೊಕ್ಕು, ಅಲ್ಲಿ ಬಟ್ಟಲಿನ ಆಕಾರದ ಚಿಕ್ಕ ಚಿಕ್ಕ ಗಂಟುಗಳನ್ನು ಮಾಡಿಕೊಳ್ಳುವುವು. ಗರ್ಭವನ್ನು ಕಾಪಾಡುವುದಕ್ಕೆ ಸಹಾಯವಾಗುವ ಒಂದು ರಸವು ಈ ಬಟ್ಟಲುಗಳಲ್ಲಿ ಹುಟ್ಟುವುದು. ಸುಮಾರು ೧೨೦ನೆಯ ದಿನದ ಹೊತ್ತಿಗೆ ತಾಯಿಯ ಬಿಳಿ ರಕ್ತಕಣಗಳು ಇವನ್ನು ಸುತ್ತುವರಿದು ಅಳಿಸಿಹಾಕುವುವು.

ಇದರಿಂದ ಯಜಮಾನನಿಗೆ ಒಂದು ತಿಳಿವಳಿಕೆಯುಂಟು. ಈ ಬಟ್ಟಲುಗಳು ಉಂಟಾದ ಮೇಲೆ ಗರ್ಭವು ಹೋದರೆ, ಅವು ಅಳಿಯುವವರೆಗೆ ಕುದುರೆಯು ಸಾಮಾನ್ಯವಾಗಿ ಸರಿಯಾದ ಬೆದೆಗೆ ಬಾರದು. ಆ ಋತುವೇ ಕಳೆದು ಹೋಗಬಹುದು. ಆದಕಾರಣ ಗಂಡಿಗೆ ಬಿಟ್ಟು ಬೆದೆ ನಿಂತಿತೆಂದು ಸುಮ್ಮನಿರದೆ, ೩೫ ದಿವಸಗಳೊಳಗಾಗಿ ಪಶುವೈದ್ಯರಿಂದ ಗರ್ಭಪರೀಕ್ಷೆ ಮಾಡಿಸತಕ್ಕದ್ದು. ಅವಳಿಯಾಗಿದ್ದರೆ ಅದನ್ನು ಸರಿಪಡಿಸುವುದಕ್ಕೂ ಇದೇ ತಕ್ಕ ಕಾಲ. ಯಾಕೆಂದರೆ ಕುದುರೆಯಲ್ಲಿ ಅವಳಿ ಮರಿಗಳು ಬದುಕಿ ಹುಟ್ಟುವುದು ಅಪರೂಪ.

೫. ಈಯುವಾಗ ಮತ್ತು ಮಾಸು ಬೀಳುವಾಗ

ಹಸುವಿನಲ್ಲಿ ಮಾಸು ಗುಂಡಿಗಳಂತಿರುವ ಬೇರೆಬೇರೆ ಸ್ಥಳಗಳಲ್ಲಿ ಮಾತ್ರ ಗರ್ಭಕೋಶಕ್ಕೆ ಅಂಟಿಕೊಂಡಿರುವುದು. ಕುದುರೆಯಲ್ಲಿಯಾದರೋ ಗರ್ಭಕೋಶದ ಒಳಮೈಯೆಲ್ಲವನ್ನೂ ಮಾಸು ಹೊದ್ದುಕೊಂಡು, ಲೆಕ್ಕವಿಲ್ಲದಷ್ಟು ಅತಿ ಸೂಕ್ಷ್ಮವಾದ ಕುಚ್ಚುಗಳಿಂದ ಹಿಡಿದುಕೊಂಡಿರುತ್ತದೆ. ಈಯುವ ಕಾಲಕ್ಕೆ ಈ ಹಿಡಿತವು ಸಡಿಲವಾಗಬೇಕು. ಇದು ಕಾಲಕ್ಕೆ ಮುಂಚೆ ಬಿಟ್ಟರೂ ಅಪಾಯ, ಕಾಲಕ್ಕೆ ಸರಿಯಾಗಿ ಬಿಡದಿದ್ದರೂ ಅಪಾಯ.

ಮುಂಚೆಯೇ ಬಿಟ್ಟರೆ, ಈಯುವಾಗ ಬಿಳುಪಾದ ತೆಳುಪೊರೆಯು ಕಾಣಿಸಿಕೊಳ್ಳುವುದಕ್ಕೆ ಬದಲಾಗಿ ಮಕಮಲ್ಲಿನಂತಹ ಕೆಂಪು ಚೀಲವು ಯೋನಿದ್ವಾರದಲ್ಲಿ ಕಾಣಿಸುವುದು. ಮರಿಗೆ ತಾಯಿಯಿಂದ ಬರುವ ಉಸಿರು ಆಗಲೇ ತಪ್ಪಿಹೋಗುತ್ತಿರುತ್ತದೆ. ಪಶುವೈದ್ಯರು ಬರುವವರೆಗೆ ಕಾಯದೆ ಶುದ್ಧವಾದ ಕೈಯಿಂದ ಆ ಚೀಲವನ್ನು ಒಡನೆಯೇ ಹರಿದು ಮರಿಯನ್ನು ಹೊರಕ್ಕೆ ತರತಕ್ಕದ್ದು.

ಮಾಸು ಬೀಳುವ ವಿಷಯದಲ್ಲಿ ಹಸುವಿನ ಅನುಭವವನ್ನು ಕುದುರೆಗೆ ಅನ್ವಯಿಸುವುದೇ ನಮ್ಮ ಗ್ರಾಮಗಳಲ್ಲಿ ನಡೆಯಬಹುದಾದ ದೊಡ್ಡ ತಪ್ಪು. ಹಸುವಿನ ಮಾಸು ಬೀಳುವುದಕ್ಕೆ ೧೨ ಗಂಟೆಗಳವರೆಗೂ ಕಾಯುವುದುಂಟು. ಕುದುರೆಯ ಮಾಸು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ೩ ಗಂಟೆಗಳೊಳಗೆ ಬೀಳತಕ್ಕದ್ದು. ೩ ಗಂಟೆ ಮೀರಿದರೆ ಅದನ್ನು ರೋಗವೆಂದೇ ಎಣಿಸಿ ಪಶುವೈದ್ಯರನ್ನು ಕರೆಯಿಸತಕ್ಕದ್ದು. ಈದ ಕುದುರೆಗಳಲ್ಲಿ ನೂರಕ್ಕೆ ೨ರಿಂದ ೧೦ರಷ್ಟರಲ್ಲಿ ಮಾಸು ಹೀಗೆ ನಿಂತುಹೋಗುವುದೆಂದು ಪಶುವೈದ್ಯ ಗ್ರಂಥಗಳಲ್ಲಿ ಹೇಳಿರುತ್ತದೆ. ನಿಂತ ಮಾಸು ಕೊಳೆತರೆ ಗರ್ಭಕೋಶದಲ್ಲಿ ಕೀವು, ವಿಷವು ರಕ್ತಕ್ಕೆ ಸೇರುವುದು, ಗೊರಸಿನೊಳಗೆ ಉರಿಯೂತವಾಗಿ ಕುದುರೆಯು ಕುಂಟುವುದು, ಕೊನೆಗೆ ಮರಣ, ಹೀಗೆ ಒಂದರ ಮೇಲೊಂದು ಸಂಭವಿಸಬಹುದು. ಕುದುರೆಯು ಬದುಕಿದರೂ ಗರ್ಭಕೋಶದಲ್ಲಿ ಕಲೆಯುಳಿದೀತು.

ಜೋತಾಡುವ ಮಾಸನ್ನು ಹಿಡಿದು ಎಳೆಯಲೇ ಕೂಡದು. ಅದಕ್ಕೆ ಕಲ್ಲು ಮೊದಲಾದ ಭಾರವನ್ನು ಕಟ್ಟಲೂ ಕೂಡದು. ಎಳೆದರೆ ಮಾಸು ಹರಿದು ತುದಿಯು ಒಳಗೇ ನಿಲ್ಲುವುದು, ರಕ್ತವು ಸುರಿಯಬಹುದು, ಗರ್ಭಕೋಶವೇ ಹೊರಕ್ಕೆ ಬರಬಹುದು. ಕುದುರೆಯು ತುಳಿಯದಂತೆ ಮಾಸನ್ನು ಮಡಿಸಿ, ಶುದ್ಧವಾದ ದಾರದಿಂದ ಹಿಂಗಾಲಿನ ಕೀಲಿಗಿಂತ ಮೇಲಕ್ಕೆ ಗಂಟುಕಟ್ಟಿ ಬಿಡುವುದೇ ಸರಿಯಾದ ಕ್ರಮ. ಮರಿಯು ಮೊಲೆಯನ್ನು ಚೀಪಿದರೆ ತಾಯಿಯ ಶರೀರದಲ್ಲಿ ಗರ್ಭಕೋಶವನ್ನು ಕುಗ್ಗಿಸುವ ರಸವು ಹುಟ್ಟುವುದರಿಂದ ಮರಿಗೆ ಬೇಗನೆ ಹಾಲು ಕುಡಿಯಗೊಡತಕ್ಕದ್ದು. ಪಶುವೈದ್ಯರು ಇದೇ ರಸವನ್ನು ಸೂಜಿಯಿಂದ ಚುಚ್ಚಿ ಕೊಡುವರು. ಕೆಲವೆಡೆ ಮಾಸಿನ ರಕ್ತನಾಳಗಳಿಗೆ ನಾರನ್ನು ಕರಗಿಸುವ ಕಿಣ್ವವನ್ನೇ ಚುಚ್ಚಿ, ಮಾಸು ತಾನಾಗಿ ಬಿಡುವಂತೆ ಮಾಡಿದ ಪ್ರಯೋಗಗಳೂ ೧೯೯೦ರ ದಶಕದಿಂದ ನಡೆದಿರುತ್ತವೆ. ಶರೀರವು ಕಿಣ್ವದಿಂದ ಮಾಡತಕ್ಕ ಕೆಲಸವನ್ನು ಕೈಬಲದಿಂದ ಮಾಡಹೋಗಬಾರದೆಂಬುದಕ್ಕೆ ಇದೇ ನಿದರ್ಶನ.

ಬಿದ್ದ ಮಾಸನ್ನು ಒಡನೆಯೇ ಹೂಳಬಾರದು. ಅದನ್ನು ನೆಲದ ಮೇಲೆ ಹರಡಿ ನೋಡಿದರೆ ಒಂದು ಒಡಲೂ ಎರಡು ಕೊಂಬುಗಳೂ ಕಾಣುವುವು. ಎರಡು ಕೊಂಬುಗಳ ತುದಿಯೂ ಪೂರ್ತಿಯಾಗಿರಬೇಕು. ಮರಿಯಿಲ್ಲದ ಚಿಕ್ಕ ಕೊಂಬಿನ ತುದಿಯೇ ಹೆಚ್ಚಾಗಿ ಒಳಗೆ ಉಳಿಯತಕ್ಕದ್ದು. ಸಂದೇಹವಿದ್ದರೆ ಮಾಸನ್ನು ಒಂದು ಬಾನಿಯಲ್ಲಿ ನೊಣ ನಾಯಿಗಳು ಮುಟ್ಟದಂತೆ ಮುಚ್ಚಿಟ್ಟು ಪಶುವೈದ್ಯರಿಗೆ ತೋರಿಸತಕ್ಕದ್ದು.

೬. ಈದ ಮೇಲಿನ ದುರಸ್ತಿ

ಮಾಸು ಬಿದ್ದ ಮೇಲೆ ಗರ್ಭಕೋಶದಲ್ಲಿ ನಡೆಯುವ ದುರಸ್ತಿಯು ಆಶ್ಚರ್ಯಕರವಾದದ್ದು. ಹನ್ನೊಂದು ತಿಂಗಳು ಮರಿಯನ್ನು ಹಿಡಿದಿದ್ದ ಆ ಚೀಲದ ಒಳಪದರವು ಸುಮಾರು ೧೪ ದಿವಸಗಳಲ್ಲಿ ಬಹುಮಟ್ಟಿಗೆ ಮೊದಲಿನಂತಾಗುವುದು. ಗಾತ್ರವು ಕುಗ್ಗುವುದಕ್ಕೆ ಸುಮಾರು ಒಂದು ತಿಂಗಳು ಬೇಕಾಗುವುದು. ಮಾಸಿನ ಕುಚ್ಚುಗಳು ಹೊಕ್ಕಿದ್ದ ಕುಳಿಗಳು ಕುಸಿದು, ಅನಾವಶ್ಯಕವಾದ ನಾರನ್ನು ಕಿಣ್ವಗಳು ಕತ್ತರಿಸಿ, ಬಿಳಿ ರಕ್ತಕಣಗಳು ಚೂರುಗಳನ್ನು ನುಂಗಿ ಸ್ಥಳವನ್ನು ಶುದ್ಧಿ ಮಾಡುವುವು. ದನಗಳಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿಯುವುದು.

ಈದ ೫ರಿಂದ ೧೨ ದಿವಸಗಳೊಳಗೆ ಹೆಣ್ಣುಕುದುರೆಯು ಮತ್ತೆ ಬೆದೆಗೆ ಬರುವುದು. ಈ ಬೆದೆಯಲ್ಲಿಯೇ ಗಂಡಿಗೆ ಬಿಡಬೇಕೆ ಬೇಡವೆ ಎಂಬುದಕ್ಕೆ ಉತ್ತರವು ದುರಸ್ತಿಯ ಲೆಕ್ಕದಲ್ಲಿದೆ. ಅಂಡವು ಹೊರಬಿದ್ದ ೫ ಅಥವಾ ೬ ದಿವಸಗಳ ಮೇಲೆ ಭ್ರೂಣವು ಗರ್ಭಕೋಶಕ್ಕೆ ಇಳಿಯುವುದು. ಈದ ೧೦ ದಿವಸ ಕಳೆದ ಮೇಲೆ ಅಂಡವು ಹೊರಬಿದ್ದರೆ, ಭ್ರೂಣವು ಇಳಿಯುವ ಹೊತ್ತಿಗೆ ೧೫ ದಿವಸ ಮೀರಿ ಒಳಪದರವು ಸಿದ್ಧವಾಗಿರುವುದು. ಅದಕ್ಕೆ ಮುಂಚೆಯಾದರೆ ಗರ್ಭ ನಿಲ್ಲುವ ಸಂಭವವು ಕಡಮೆ. ಈದಾಗ ಕಷ್ಟವಾಗಿದ್ದರೆ, ಮಾಸು ತಡವಾಗಿದ್ದರೆ, ಅಥವಾ ದುರ್ವಾಸನೆಯುಳ್ಳ ಸ್ರಾವವಿದ್ದರೆ ಆ ಬೆದೆಯನ್ನು ಬಿಟ್ಟು ಮುಂದಿನ ಬೆದೆಗೆ ಕಾಯುವುದೇ ಲಾಭಕರ. ಮೂರು ವಾರಗಳ ಆತುರದಿಂದ ಮೂರು ವರ್ಷಗಳ ಫಲವನ್ನು ಕಳೆದುಕೊಳ್ಳಬಾರದು.

೭. ದುರಸ್ತಿಯು ಕೆಟ್ಟಾಗ

ಬೀಜದ ಕುದುರೆಯ ವೀರ್ಯವು ಗರ್ಭಕೋಶವನ್ನು ಸೇರಿದಾಗ ಅಲ್ಲಿ ಸ್ವಲ್ಪ ಉರಿಯೂತವು ಉಂಟಾಗುವುದು ಸ್ವಾಭಾವಿಕವೇ ಆಗಿದೆ. ಬಿಳಿ ರಕ್ತಕಣಗಳು ಗುಂಪಾಗಿ ಬಂದು ಕೊಳೆಯನ್ನೂ ಕ್ರಿಮಿಗಳನ್ನೂ ತೆಗೆದುಹಾಕುವುವು. ಆರೋಗ್ಯವಾದ ಕುದುರೆಯಲ್ಲಿ ಇದು ಒಂದೆರಡು ದಿವಸಗಳೊಳಗೆ ಮುಗಿಯುವುದು. ಕೆಲವು ಕುದುರೆಗಳಲ್ಲಿ, ಮುಖ್ಯವಾಗಿ ವಯಸ್ಸಾದವುಗಳಲ್ಲಿ, ಗರ್ಭಕೋಶವು ಜೋತುಬಿದ್ದು ದ್ರವವು ಒಳಗೆ ನಿಂತು ಉರಿಯೂತವು ಮುಂದುವರಿಯುವುದು.

ಆಗ ನಡೆಯುವುದೇನೆಂದರೆ, ಕ್ರಿಮಿಗಳನ್ನು ಹಿಡಿಯುವುದಕ್ಕೆಂದು ಬಿಳಿ ರಕ್ತಕಣಗಳು ಬಲೆಯಂತಹ ಎಳೆಗಳನ್ನು ಬೀಸಿ ಅವುಗಳೊಡನೆ ತಮ್ಮ ಕಿಣ್ವಗಳನ್ನೂ ಚೆಲ್ಲುವುವು. ಈ ಕಿಣ್ವಗಳನ್ನು ಹೆಣ್ಣುಕುದುರೆಯ ಗರ್ಭಕೋಶದ ಒಳಪದರದ ತುಣುಕುಗಳಿಗೆ ಸೇರಿಸಿ ಪರೀಕ್ಷಿಸಿದಾಗ, ಅಲ್ಲಿ ಕೊಲ್ಲಾಜೆನ್ ನಾರಿನ ಉತ್ಪತ್ತಿಯು ಹೆಚ್ಚುವುದಾಗಿ ಪೋರ್ಚುಗಲ್ ಮತ್ತು ಪೋಲೆಂಡ್ ದೇಶಗಳ ವಿದ್ವಾಂಸರು ೨೦೧೦ರ ದಶಕದಿಂದೀಚೆಗೆ ತೋರಿಸಿಕೊಟ್ಟಿರುವರು. ಉರಿಯೂತವು ನಿಲ್ಲದಿದ್ದರೆ ಕೆಡವುವುದಕ್ಕೂ ಕಟ್ಟುವುದಕ್ಕೂ ಇರಬೇಕಾದ ಸಮತೂಕವು ತಪ್ಪಿ, ನಾರು ಅಳತೆ ಮೀರಿ ಬೆಳೆಯುವುದು. ಅದು ಗರ್ಭಕೋಶದ ಗ್ರಂಥಿಗಳನ್ನು ಬಳ್ಳಿಯಂತೆ ಸುತ್ತಿ ಅಮುಕಿಬಿಡುವುದು. ಎಳೆಯ ಭ್ರೂಣಕ್ಕೆ ಆಹಾರವು ಆ ಗ್ರಂಥಿಗಳಿಂದ ಬರತಕ್ಕದ್ದು. ಗ್ರಂಥಿಗಳು ಅಮುಕಲ್ಪಟ್ಟ ಮೇಲೆ ಗರ್ಭವು ಕಟ್ಟಿದರೂ ನಿಲ್ಲದು.

ಈ ಗಡುಸು ಈದ ಸಂಖ್ಯೆಗಿಂತ ವಯಸ್ಸನ್ನೇ ಹೆಚ್ಚಾಗಿ ಅನುಸರಿಸುವುದೆಂದು ಕಂಡುಬಂದಿದೆ. ಒಮ್ಮೆಯೂ ಈಯದೆ ವಯಸ್ಸಾದ ಕುದುರೆಯಲ್ಲಿಯೂ ಇದು ಇರುವುದು. ಆದುದರಿಂದ “ಈಗ ಸವಾರಿಗೆ ಇಟ್ಟುಕೊಂಡು, ಮುದಿಯಾದ ಮೇಲೆ ಮರಿಗೆ ಬಿಡೋಣ” ಎಂಬ ಯೋಚನೆಯು ಸರಿಯಲ್ಲ.

೮. ಕೊಳ್ಳುವುದಕ್ಕೆ ಮುಂಚೆ ಪರೀಕ್ಷೆ

ಗರ್ಭಕೋಶದ ಒಳಪದರದಿಂದ ಸಣ್ಣದೊಂದು ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯನ್ನು ಅಮೆರಿಕದ ಪಶುವೈದ್ಯ ಕೆನ್ನಿ ಎಂಬವರು ೧೯೭೮ರಲ್ಲಿ ಕ್ರಮಪಡಿಸಿದರು. ೧೯೮೬ರಲ್ಲಿ ಅದು ಇನ್ನೂ ವಿಸ್ತಾರವಾಯಿತು. ಇದರ ಪ್ರಕಾರ ಹೆಣ್ಣುಕುದುರೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುವರು. ಗಂಡಿಗೆ ಬಿಟ್ಟರೆ ಮರಿಯನ್ನು ಪೂರ್ಣಕಾಲ ಹೊರುವ ಸಂಭವವು ನೂರಕ್ಕೆ ಎಷ್ಟೆಂಬುದು ಈ ಕೆಳಗಿನಂತಿದೆ:

ಮೊದಲನೆಯ ದರ್ಜೆ: ೮೦ರಿಂದ ೯೦.
ಎರಡನೆಯದರ ಮೇಲ್ದರ್ಜೆ: ೫೦ರಿಂದ ೮೦.
ಎರಡನೆಯದರ ಕೆಳದರ್ಜೆ: ೧೦ರಿಂದ ೫೦.
ಮೂರನೆಯ ದರ್ಜೆ: ೧೦ ಅಥವಾ ಅದಕ್ಕೂ ಕಡಮೆ.

ಮೂರನೆಯ ದರ್ಜೆಯ ಕುದುರೆಯು ನೋಟಕ್ಕೆ ದಷ್ಟಪುಷ್ಟವಾಗಿಯೇ ಇರಬಹುದು. ಆದಕಾರಣ ಮರಿಗಾಗಿ ವಯಸ್ಸಾದ ಹೆಣ್ಣುಕುದುರೆಗೆ ಹೆಚ್ಚು ಹಣ ಕೊಡತಕ್ಕವರು ಮೈಯ ಹೊಳಪನ್ನೂ ಸುಳಿಗಳನ್ನೂ ಮಾತ್ರ ನೋಡದೆ ಈ ಪರೀಕ್ಷೆಯನ್ನು ಮಾಡಿಸುವುದು ಮೇಲು. ಕುದುರೆಯು ಗರ್ಭವಾಗಿಲ್ಲವೆಂದು ಖಚಿತಮಾಡಿಕೊಂಡ ಮೇಲೆಯೇ ಪರೀಕ್ಷಿಸತಕ್ಕದ್ದು.

೯. ನೆನಪಿನಲ್ಲಿಡತಕ್ಕ ಅಂಶಗಳು

(ಅ) ಈಯುವ ಸ್ಥಳದಲ್ಲಿ ಒಣಗಿದ, ಹೊಸ ಹುಲ್ಲನ್ನು ಹಾಸಬೇಕು; ಹಳೆಯ ಗೊಬ್ಬರವಿರಕೂಡದು.

(ಆ) ನೀರೊಡೆದ ಮೇಲೆ ಮರಿಯು ಸಾಮಾನ್ಯವಾಗಿ ೨೦ರಿಂದ ೩೦ ನಿಮಿಷಗಳೊಳಗೆ ಹೊರಬರುವುದು. ಕೆಲಸವು ಮುಂದೆ ಸಾಗದಿದ್ದರೆ ಆ ಕ್ಷಣವೇ ಪಶುವೈದ್ಯರಿಗೆ ಹೇಳಿಕಳುಹಿಸಬೇಕು.

(ಇ) ಈದ ಹೊತ್ತನ್ನೂ ಮಾಸು ಬಿದ್ದ ಹೊತ್ತನ್ನೂ ಗುರುತು ಹಾಕಿಕೊಳ್ಳಬೇಕು. ೩ ಗಂಟೆಯೇ ಗಡುವು.

(ಈ) ಪಶುವೈದ್ಯರ ಹೊರತು ಯಾರೂ ಗರ್ಭಕೋಶದೊಳಕ್ಕೆ ಕೈಯನ್ನಾಗಲಿ ನಾಟಿ ಔಷಧವನ್ನಾಗಲಿ ಹಾಕಕೂಡದು.

(ಉ) ಗಂಡಿಗೆ ಬಿಡುವುದಕ್ಕೆ ಮುಂಚೆ ಹೆಣ್ಣುಕುದುರೆಯ ಬಾಲವನ್ನು ಬಟ್ಟೆಯಿಂದ ಸುತ್ತಿ, ಯೋನಿದ್ವಾರವನ್ನು ಶುದ್ಧವಾದ ನೀರಿನಿಂದ ತೊಳೆದು ಒರಸಬೇಕು. ಒಂದು ಬೆದೆಯಲ್ಲಿ ಅನಾವಶ್ಯಕವಾಗಿ ಹಲವು ಸಲ ಬಿಡಬಾರದು.

(ಊ) ಯೋನಿದ್ವಾರವು ಸಡಿಲವಾಗಿ ಗಾಳಿಯೂ ಸಗಣಿಯೂ ಒಳಸೇರುವಂತಿದ್ದರೆ ಅದರ ಮೇಲ್ಭಾಗವನ್ನು ಹೊಲಿಸಬೇಕು. ಈ ಕ್ರಮವನ್ನು ೧೯೩೭ರಲ್ಲಿ ಅಮೆರಿಕದ ಕ್ಯಾಸ್ಲಿಕ್ ಎಂಬ ಪಶುವೈದ್ಯರು ಪ್ರಕಟಿಸಿದರು; ಇಂದಿಗೂ ಅವರ ಹೆಸರಿನಿಂದಲೇ ನಡೆಯುತ್ತಿದೆ. ಈಯುವುದಕ್ಕೆ ಮುಂಚೆ ಹೊಲಿಗೆಯನ್ನು ತಪ್ಪದೆ ಬಿಚ್ಚಿಸತಕ್ಕದ್ದು.

(ಋ) ಗಂಡಿಗೆ ಬಿಟ್ಟ ಮೇಲೆ ಎರಡು ದಿವಸ ಕಳೆದರೂ ಸ್ರಾವವಿದ್ದರೆ ಪಶುವೈದ್ಯರಿಂದ ಗರ್ಭಕೋಶವನ್ನು ತೊಳೆಯಿಸಬೇಕು. ಉರಿಯೂತಕ್ಕೆ ಚಿಕಿತ್ಸೆಯುಂಟು, ಅದು ಬಿಟ್ಟುಹೋದ ಕಲೆಗೆ ಚಿಕಿತ್ಸೆಯಿಲ್ಲ.

೧೦. ಗ್ರಾಮದ ಮುಖ್ಯಸ್ಥರಿಗೆ ವಿಜ್ಞಾಪನೆ

ಗ್ರಾಮದ ಮುಖ್ಯಸ್ಥರು ತಮ್ಮ ಊರಿನ ಹೆಣ್ಣುಕುದುರೆಗಳಿಗಾಗಿ ಒಂದು ಪುಸ್ತಕವನ್ನಿಟ್ಟು, ಗಂಡಿಗೆ ಬಿಟ್ಟ ದಿನ, ಈದ ದಿನ ಮತ್ತು ಹೊತ್ತು, ಮಾಸು ಬಿದ್ದ ಹೊತ್ತು, ಮುಂದಿನ ಬೆದೆ, ಇವನ್ನು ಬರೆಯಿಸಿದರೆ ಪಶುವೈದ್ಯರಿಗೆ ಅದಕ್ಕಿಂತ ದೊಡ್ಡ ಉಪಕಾರವು ಬೇರೊಂದಿಲ್ಲ. ಹೆಣ್ಣುಕುದುರೆಗಳು ಹೆಚ್ಚಾಗಿ ರಾತ್ರಿಯ ಹೊತ್ತಿನಲ್ಲಿಯೇ ಈಯುವುವು. ರಾತ್ರಿ ಈದ ಕುದುರೆಯ ಮಾಸನ್ನು “ಬೆಳಗಾಗಲಿ, ನೋಡೋಣ” ಎಂದು ಬಿಡುವಷ್ಟರಲ್ಲಿ ೩ ಗಂಟೆಗಳ ಗಡುವು ಎರಡು ಸಲ ಕಳೆದುಹೋಗಿರುತ್ತದೆ. ಆದುದರಿಂದ ಈಯುವ ದಿನವು ಹತ್ತಿರವಾಗುತ್ತಲೇ ಕಾವಲಿಗೆ ಒಬ್ಬ ಆಳನ್ನೂ, ಪಶುವೈದ್ಯರಿಗೆ ಸುದ್ದಿ ಮುಟ್ಟಿಸುವ ಏರ್ಪಾಡನ್ನೂ ಮೊದಲೇ ಗೊತ್ತುಮಾಡಿಟ್ಟುಕೊಳ್ಳತಕ್ಕದ್ದು.

ಗರ್ಭಕೋಶವು ತನ್ನ ದುರಸ್ತಿಯನ್ನು ತಾನೇ ಬಲ್ಲದು. ಕೊಳೆಯನ್ನು ದೂರವಿಟ್ಟು, ಅವಸರಪಡದೆ, ಹೊತ್ತು ಮೀರಗೊಡದೆ ಅದಕ್ಕೆ ಅನುಕೂಲ ಮಾಡಿಕೊಡುವುದಷ್ಟೇ ಯಜಮಾನನ ಕರ್ತವ್ಯ. ಇಷ್ಟನ್ನು ನಡೆಯಿಸಿದ ಮನೆಯಲ್ಲಿ ಒಳ್ಳೆಯ ಹೆಣ್ಣುಕುದುರೆಯು ಅನೇಕ ವರ್ಷಗಳ ಕಾಲ ಫಲವನ್ನು ಕೊಡುತ್ತಿರುವುದು.